ಕಿಸೆಯೊಳಗಿನ ಗುಮಾಸ್ತ

(ನಮ್ಮ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ನಾನು ವೈದ್ಯನಲ್ಲ, ವಿದ್ವಾಂಸನೂ ಅಲ್ಲ. ರಾತ್ರಿ ಶಾಲೆಯಲ್ಲಿ ಎಸ್.ಎಸ್.ಸಿ. ಮುಗಿಸಿ, ಉಪನಗರದ ಸಣ್ಣದೊಂದು ಬಟ್ಟೆ ಗಿರಣಿಯ ಆಫೀಸಿನಲ್ಲಿ ಗುಮಾಸ್ತನಾಗಿರುವವನು. ಭಾನುವಾರ ಇಲ್ಲಿ ಪತ್ರಿಕೆಗಳನ್ನು ಜೋಡಿಸಿಡುವುದಷ್ಟೇ ನನ್ನ ಸೇವೆ. ಹೀಗಿರುವಲ್ಲಿ ಆರೋಗ್ಯದ ವಿಷಯವಾಗಿ ಮಾತಾಡಲು ಇವನಿಗೇನು ಅಧಿಕಾರ ಎಂದು ತಾವು ಕೇಳಬಹುದು. ನನ್ನದು ಲೆಕ್ಕ ಬರೆಯುವ ಕಸಬು. ಈ ಹೊತ್ತು ಹೇಳುವುದೂ ಒಂದು ಲೆಕ್ಕದ ಮಾತೇ.

ಕಳೆದ ವರ್ಷ ನಮ್ಮ ಆಫೀಸಿನಲ್ಲಿ, ನನ್ನ ಎದುರು ಮೇಜಿನ ಹಿರಿಯರೊಬ್ಬರು ಪಗಾರದ ಪಟ್ಟಿ ಬರೆಯುತ್ತಿದ್ದಂತೆ ಅವರ ಕೈಯಿಂದ ಪೆನ್ನು ಜಾರಿತು. ಎತ್ತಿಕೊಳ್ಳಲು ಹೋದರು, ಆಗಲಿಲ್ಲ. ಮಾತು ತೊದಲಿತು. ಪಾರ್ಶ್ವವಾಯು. ವಯಸ್ಸು 46. ದೇವರ ದಯೆಯಿಂದ ಬದುಕಿದ್ದಾರೆ. ಆದರೆ ಬಲಗೈ ಇನ್ನೂ ಬರೆಯುವುದಿಲ್ಲ. ಆ ದಿನವೂ ಅವರ ಕಿಸೆಯಲ್ಲಿದ್ದ ಮೊಬೈಲಿನಲ್ಲಿ ಹೆಜ್ಜೆ ಎಣಿಸುವ ಆಪ್ ಇತ್ತು. ಅದನ್ನು ಹಾಕಿಸಿಕೊಂಡು ಎರಡು ವರ್ಷವಾಗಿತ್ತು. ತೆರೆದು ನೋಡಿದ್ದು ಎರಡು ವಾರ.

ಆ ವಾರವೇ ನಾನು ಹೆದರಿ ತಪಾಸಣೆ ಮಾಡಿಸಿದೆ. ಮಹಾನಗರಪಾಲಿಕೆಯ ‘ಆಪಲಾ ದವಾಖಾನೆ’ಗಳು 2022ರಿಂದ ಇವೆಯಲ್ಲ, ಸಂಜೆಯೂ ತೆರೆದಿರುತ್ತವೆ, ಹಣ ಕೇಳುವುದಿಲ್ಲ. ವೈದ್ಯರು ಐದು ಅಂಕಿಗಳನ್ನು ಬರೆದು ಮುಂದಿಟ್ಟರು. ಆ ಐದನ್ನು ತಾವೂ ಗುರುತು ಹಾಕಿಕೊಳ್ಳಬೇಕೆಂದು ಬೇಡುತ್ತೇನೆ.

ಒಂದು, ನಡುವಿನ ಸುತ್ತಳತೆ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಅದನ್ನು ಮುಟ್ಟಿದರೆ ಎಚ್ಚರ. ಎರಡು, ರಕ್ತದ ಒತ್ತಡ. ಮೇಲಿನದು 130 ಅಥವಾ ಕೆಳಗಿನದು 85 ಮುಟ್ಟಬಾರದು. ಮೂರು, ಬರಿಹೊಟ್ಟೆಯ ಸಕ್ಕರೆ, 100ರ ಒಳಗಿರಬೇಕು. ನಾಲ್ಕು, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು; 150ರ ಒಳಗೆ. ಐದು, ಎಚ್.ಡಿ.ಎಲ್. ಎಂಬ ಒಳ್ಳೆಯ ಕೊಲೆಸ್ಟ್ರಾಲ್. ಇದು ಮಾತ್ರ ಕಡಿಮೆಯಾಗಬಾರದು, ಗಂಡಸರಿಗೆ 40, ಹೆಂಗಸರಿಗೆ 50 ಇರಲೇಬೇಕು. ಐದರಲ್ಲಿ ಮೂರು ತಪ್ಪಿದರೆ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎಂದು ಹೆಸರು. ನನಗೆ ನಾಲ್ಕು ತಪ್ಪಿದ್ದವು. ವಯಸ್ಸು 34, ನಡು 97.

ಇದು ಒಂದೇ ರೋಗವಲ್ಲ, ಹಲವು ರೋಗಗಳು ಕೈಕೈ ಹಿಡಿದು ಬರುವ ದಾರಿ. ಹೊಟ್ಟೆಯೊಳಗೆ, ಕರುಳು ಪಿತ್ತಜನಕಾಂಗಗಳ ಸುತ್ತ ಸೇರಿದ ಕೊಬ್ಬು ಸುಮ್ಮನೆ ಕುಳಿತಿರುವುದಿಲ್ಲ. ರಕ್ತದ ಸಕ್ಕರೆಯನ್ನು ಮೈಯ ಕಣಗಳೊಳಗೆ ಬಿಡುವ ಇನ್ಸುಲಿನ್ ಎಂಬ ಬೀಗದಕೈಗೆ ಅದು ತುಕ್ಕು ಹಿಡಿಸುತ್ತದೆ. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ, ಒತ್ತಡ ಏರುತ್ತದೆ, ರಕ್ತನಾಳ ಕೆಡುತ್ತದೆ. ಕೊನೆಗೆ ಮಧುಮೇಹ, ಹೃದಯಾಘಾತ, ಪಾರ್ಶ್ವವಾಯು. ನೋವು ಮಾತ್ರ ಮೊದಲು ಇರುವುದಿಲ್ಲ, ಅಪಾಯವೇ ಅದರಲ್ಲಿದೆ.

“ನಾನು ತೆಳ್ಳಗಿದ್ದೇನೆ, ನನಗೇಕೆ?” ಎನ್ನುವವರಿಗೂ ಒಂದು ಮಾತು. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕರೂ ಇಂಗ್ಲೆಂಡಿನ ಡಾ. ಯುಡ್‌ಕಿನ್ನರೂ 2004ರಲ್ಲಿ ತಮ್ಮದೇ ಮೈಯ ಲೆಕ್ಕ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಅಂಕಿ ಇಬ್ಬರಿಗೂ ಒಂದೇ, 22.3. ಆದರೆ ಮೈಕೊಬ್ಬು ಇಂಗ್ಲಿಷರಿಗೆ ನೂರಕ್ಕೆ 9.1, ನಮ್ಮವರಿಗೆ 21.2. ಆದುದರಿಂದ ತೂಕದ ಯಂತ್ರವನ್ನು ಮಾತ್ರ ನಂಬಬೇಡಿ. ದರ್ಜಿಯ ಟೇಪು ತನ್ನಿ. ಉಸಿರು ಬಿಟ್ಟು ನಿಂತು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಅಳೆಯಿರಿ. ಪ್ಯಾಂಟಿನ ಅಳತೆ ಲೆಕ್ಕಕ್ಕಿಲ್ಲ. ನಾವು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುವವರು!

ಇದು ನಮ್ಮೊಬ್ಬರ ಕಥೆಯೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಮೇರೆಗೆ ದೇಶದಲ್ಲಿ ಮಧುಮೇಹಿಗಳು ಸುಮಾರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಹೊಸ್ತಿಲಲ್ಲಿರುವವರು ಹಿಂದಕ್ಕೆ ಬರಬಹುದು. ನಮ್ಮ ಹಿಂದಿನ ತಲೆಮಾರಿನವರು ಪರೇಲ್, ಲಾಲ್‌ಬಾಗಿನ ಗಿರಣಿಗಳಲ್ಲಿ ಎಂಟು ಗಂಟೆ ಮಗ್ಗದ ಮುಂದೆ ನಿಂತು ದುಡಿದರು. ನಾವು ಕಂಪ್ಯೂಟರಿನ ಮುಂದೆ, ಗಲ್ಲಾದ ಮುಂದೆ, ಲೋಕಲ್ ಗಾಡಿಯಲ್ಲಿ ಜಾಗ ಸಿಕ್ಕರೆ ಅಲ್ಲಿಯೂ ಕುಳಿತೇ ಇರುತ್ತೇವೆ. ಊಟ ಮಾತ್ರ ಅವರದೇ.

ಈಗ ಆಪಿನ ಮಾತಿಗೆ ಬರುತ್ತೇನೆ. ವೈದ್ಯರ ಸಲಹೆಯಂತೆ ನಾನು ಹೆಜ್ಜೆಗೊಂದು, ಊಟಕ್ಕೊಂದು, ಹೀಗೆ ಎರಡು ಆಪ್ ಹಾಕಿಕೊಂಡೆ. ಮೊದಲ ತಿಂಗಳು ನಾನು ಮಾಡಿದ್ದು ಶುದ್ಧ ಮೋಸ. ಬೆಳಗಿನ ಎರಡು ಇಡ್ಲಿ ಬರೆದೆ. ಸಂಜೆ ಐದರ ವಡಾಪಾವ್ ಬರೆಯಲಿಲ್ಲ. ಅದು ಗೆಳೆಯರು ಕೊಡಿಸಿದ್ದು, ನನ್ನ ಖರ್ಚಿನದಲ್ಲ ಎಂಬ ನ್ಯಾಯ! ತಿಂಗಳ ಕೊನೆಗೆ ಆಪಿನ ಲೆಕ್ಕದಂತೆ ನಾನು ಎರಡು ಕಿಲೋ ಇಳಿಯಬೇಕಿತ್ತು. ಯಂತ್ರದ ಮುಳ್ಳು ಅಲುಗಲಿಲ್ಲ. ನನ್ನ ಹೆಂಡತಿ ಹೇಳಿದಳು: “ಗಿರಣಿಯ ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದರೆ ನಿಮಗೆ ರಾತ್ರಿ ನಿದ್ದೆ ಬರುವುದಿಲ್ಲ. ಇಲ್ಲಿ ಸುಳ್ಳು ಬರೆದು ಯಾರಿಗೆ ಮೋಸ ಮಾಡುತ್ತೀರಿ?”

ಅಂದಿನಿಂದ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಆಗ ಕಳ್ಳ ಸಿಕ್ಕಿಬಿದ್ದ. ದಿನಕ್ಕೆ ಐದು ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ, ಅಂದರೆ ದಿನಕ್ಕೆ ಹತ್ತು ಚಮಚ. ರಾತ್ರಿ ಹನ್ನೊಂದಕ್ಕೆ ಮೂರು ಸೌಟು ಅನ್ನ, ಮಲಗುವುದು ಹನ್ನೊಂದೂವರೆಗೆ. ನಡೆದದ್ದು ಮೂರು ಸಾವಿರ ಹೆಜ್ಜೆಗೆ ಮೀರಿಲ್ಲ. ಇದಾವುದೂ ನನಗೆ ಗೊತ್ತಿರಲಿಲ್ಲವೆಂದಲ್ಲ. ಒಟ್ಟು ಕೂಡಿಸಿ ನೋಡಿರಲಿಲ್ಲ.

ಚಹಾ ಎರಡಕ್ಕೆ ಇಳಿಸಿದೆ. ಅನ್ನ ಒಂದೂವರೆ ಸೌಟು. ಉಳಿದ ಜಾಗಕ್ಕೆ ಪಲ್ಯ, ಕೋಸಂಬರಿ, ಬೇಳೆ. ಬಸ್ಸಿನಿಂದ ಒಂದು ಸ್ಟಾಪ್ ಮೊದಲೇ ಇಳಿದೆ. ಮಧ್ಯಾಹ್ನ ಊಟದ ನಂತರ ಗಿರಣಿಯ ಅಂಗಳದಲ್ಲಿ ಹತ್ತು ನಿಮಿಷ ಸುತ್ತಿದೆ. ಹತ್ತು ಸಾವಿರ ಹೆಜ್ಜೆ ಆಗಲೇಬೇಕೆಂದು ಯಾರೂ ಎದೆಗೆಡಬೇಡಿ. ಆ ಅಂಕಿ 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದದ್ದು. ಮೂರರಿಂದ ಐದಕ್ಕೆ, ಐದರಿಂದ ಏಳಕ್ಕೆ ಏರಿದರೂ ಲಾಭವೇ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕು ನಡಿಗೆ ಅಥವಾ ಅಷ್ಟೇ ಶ್ರಮದ ಕೆಲಸ.

ಎಂಟು ತಿಂಗಳಾಯಿತು. ನಡು 91ಕ್ಕೆ ಬಂದಿದೆ, ತೂಕ ಐದು ಕಿಲೋ ಇಳಿದಿದೆ. ತಪ್ಪಿದ್ದ ನಾಲ್ಕರಲ್ಲಿ ಎರಡು ಸರಿಯಾಗಿವೆ. ನಡುವೂ ಸಕ್ಕರೆಯೂ ಇನ್ನೂ ಗೆರೆಯ ಆಚೆಗೇ ಇವೆ. ಖಾತೆ ಚುಕ್ತಾ ಆಗಿಲ್ಲ, ಆದರೆ ಸಾಲ ಇಳಿಯುತ್ತಿದೆ.

ಇದಕ್ಕೆ ದೊಡ್ಡ ಮೊಬೈಲು ಬೇಕೆಂದಿಲ್ಲ. ಚೆನ್ನೈಯ ಡಾ. ರಾಮಚಂದ್ರನ್ ಮತ್ತು ಸಂಗಡಿಗರು 2009ರಿಂದ 2012ರವರೆಗೆ ದಕ್ಷಿಣದ ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುವ 537 ಗಂಡಸರನ್ನು ಆರಿಸಿಕೊಂಡರು. ಎಲ್ಲರೂ ಮಧುಮೇಹದ ಹೊಸ್ತಿಲಲ್ಲಿದ್ದವರು. ಊಟ, ವ್ಯಾಯಾಮದ ಬುದ್ಧಿಮಾತನ್ನು ಆರಂಭದಲ್ಲಿ ಎಲ್ಲರಿಗೂ ಹೇಳಿದರು. ಅರ್ಧ ಜನರಿಗೆ ಮಾತ್ರ, ಆಮೇಲೆ ಆಗಾಗ ಮೊಬೈಲಿಗೆ ಸಣ್ಣ ಸಂದೇಶ ಕಳುಹಿಸಿದರು. ಎರಡು ವರ್ಷದಲ್ಲಿ ಸಂದೇಶವಿಲ್ಲದವರಲ್ಲಿ ನೂರಕ್ಕೆ 27 ಮಂದಿಗೆ ಮಧುಮೇಹ ಬಂತು. ಸಂದೇಶ ಬಂದವರಲ್ಲಿ 18 ಮಂದಿಗೆ. ಬುದ್ಧಿಮಾತು ಎರಡೂ ಕಡೆಗೆ ಒಂದೇ. ನೆನಪು ಮಾಡುವವನೊಬ್ಬ ಇದ್ದನೇ ಇಲ್ಲವೇ ಎಂಬುದಷ್ಟೇ ವ್ಯತ್ಯಾಸ.

ಎಚ್ಚರಿಕೆಯ ಮಾತೂ ಕೆಲವಿವೆ. ಆಪು ಗುಮಾಸ್ತನೇ ಹೊರತು ವೈದ್ಯನಲ್ಲ. ಅಂಕಿ ಇಳಿಯಿತೆಂದು ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಚರ್ಮ ಚುಚ್ಚದೆ ಸಕ್ಕರೆ ಅಳೆಯುತ್ತೇವೆನ್ನುವ ಗಡಿಯಾರ, ಉಂಗುರಗಳನ್ನು ಬಳಸಬೇಡಿರೆಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯೇ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. ಮೊದಲ ತಿಂಗಳು ಉಚಿತವೆಂದು ಆಮೇಲೆ ಬ್ಯಾಂಕಿನಿಂದ ಹಣ ಮುರಿಯುವ ಆಪುಗಳಿವೆ. ನನ್ನದೂ 399 ರೂಪಾಯಿ ಹಾಗೆಯೇ ಹೋಯಿತು. ಹೆಜ್ಜೆ ಎಣಿಸಲು ನಿಮ್ಮ ಫೋನಿನಲ್ಲಿರುವ ಹೆಸರುಗಳ ಪಟ್ಟಿ ಏಕೆ ಬೇಕು? ಕೇಳಿದರೆ ಕೊಡಬೇಡಿ. ಕೆಲವು ಆಪುಗಳಿಗೆ ನೀರುದೋಸೆ, ಜೋಳದ ರೊಟ್ಟಿ ಗೊತ್ತಿರುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ನಮ್ಮ ದೇಶದ ಆಹಾರಕ್ಕೆಂದೇ ‘ನ್ಯೂಟ್ರಿಫೈ ಇಂಡಿಯಾ ನೌ’ ಎಂಬ ಆಪ್ ಮಾಡಿದ್ದಾರೆ. ಅದೂ ಬೇಡವೆಂದರೆ ಎರಡು ರೇಖೆ ಎಳೆದ ನೋಟುಬುಕ್ಕು ಸಾಕು.

ಹೋದ ವಾರ ನಮ್ಮ ಆ ಹಿರಿಯರನ್ನು ನೋಡಿಬಂದೆ. ಈಗ ಮಗಳು ದಿನವೂ ಅವರ ಒತ್ತಡ ಅಳೆದು ಆಪಿನಲ್ಲಿ ಬರೆಯುತ್ತಾಳೆ; ಅವರು ಎಡಗೈಯಲ್ಲಿ ಫೋನು ಹಿಡಿದು ನೋಡುತ್ತಾರೆ. ನಿಧಾನವಾಗಿ ಹೇಳಿದರು: “ಬರೆಯುವ ಯಂತ್ರ ಆಗಲೂ ಇತ್ತು ಮಾರಾಯ. ನೋಡಿ ಕೇಳುವವರು ಇರಲಿಲ್ಲ.”

ನಮ್ಮಲ್ಲಿ ಎಷ್ಟೋ ಜನ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು, ಖೋಲಿಯಲ್ಲೋ ಹೋಟೆಲಿನ ಅಟ್ಟದಲ್ಲೋ ಮಲಗುವವರು. ಅವರನ್ನು ಕೇಳುವವರು ಯಾರು? ಆದುದರಿಂದ ಒಂದು ಅರಿಕೆ. ಪತ್ರಿಕೆಯ ಮೇಜಿನ ಪಕ್ಕದ ಮೊಳೆಗೆ ಇಂದಿನಿಂದ ಒಂದು ಟೇಪು ತೂಗುಹಾಕಿದ್ದೇನೆ. ಐದೈದು ಜನ ಒಂದು ಗುಂಪಾಗೋಣ. ಭಾನುವಾರ ಪತ್ರಿಕೆ ಓದಲು ಬಂದಾಗ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ನೋಡೋಣ. ನಗುವುದು ಬೇಡ, ಬಯ್ಯುವುದು ಬೇಡ, ಕೇಳಿದರೆ ಸಾಕು. ಹೆಸರು ಕೊಡುವವರು ಸಭೆ ಮುಗಿದ ಮೇಲೆ ನನ್ನಲ್ಲಿಗೆ ಬರಬೇಕು. ಮೊದಲ ಸಾಲಿನಲ್ಲಿ ನನ್ನ ಹೆಸರು, 91 ಸೆಂಟಿಮೀಟರ್ ಎಂದು ಬರೆದಿಟ್ಟಿದ್ದೇನೆ.