ಕೋವಿಗೆ ಬೀಗ ಇದ್ದರೆ ಸಾಕೇ?



ಕಾಸರಗೋಡಿನ ನಾವು ಕೋವಿ ಎನ್ನುತ್ತೇವೆ. ಪಕ್ಕದ ಮನೆಯ ಮಲೆಯಾಳಿ ತೋಕ್ಕ್ ಎನ್ನುತ್ತಾನೆ. ತಾಳವಾಡಿ, ಹೊಸೂರಿನವರು ದಿನವೂ ಕೇಳುವ ಮಾತು ತುಪ್ಪಾಕಿ; ಮಡಕಶಿರಾದ ಕಡೆ ತುಪಾಕಿ; ಅಕ್ಕಲಕೋಟೆ, ಜತ್ತದಲ್ಲಿ ಬಂದೂಕ. ಹೆಸರು ಯಾವುದೇ ಇರಲಿ, ಕಾಡಂಚಿನ ಊರುಗಳಲ್ಲಿ ಬೆಳೆ ಕಾಯಲೆಂದು ಪರವಾನಗಿ ಪಡೆದ ಕೋವಿ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಇದ್ದೇ ಇದೆ. ಅದನ್ನು ಹೇಗೆ ಹೊಡೆಯುವುದು ಎಂಬುದು ನನ್ನ ವಿಷಯವಲ್ಲ. ಹೊಡೆಯದ ಹೊತ್ತಿನಲ್ಲಿ ಅದು ಎಲ್ಲಿರುತ್ತದೆ, ಹೇಗಿರುತ್ತದೆ ಎಂಬುದಷ್ಟೇ ಇವತ್ತಿನ ಮಾತು.

ನನ್ನ ಅಜ್ಜನ ಬಳಿ ಜೋಡುನಳಿಗೆಯ ತೋಟೆ ಕೋವಿ ಇತ್ತು. ಅಟ್ಟದ ಮೇಲೆ ಮರದ ಪೆಟ್ಟಿಗೆ, ಪೆಟ್ಟಿಗೆಗೆ ಬೀಗ, ಬೀಗದ ಕೈ ದೇವರ ಕೋಣೆಯ ಬಾಗಿಲ ಹಿಂದಿನ ಮೊಳೆಯಲ್ಲಿ. ಮಕ್ಕಳಿಗೆ ಅದು ಗೊತ್ತಿಲ್ಲ ಎಂದು ಅಜ್ಜ ನಂಬಿದ್ದರು. ನಮಗೆ ಗೊತ್ತಿತ್ತು. ಒಂದು ಆಟಿ ತಿಂಗಳ ಮಧ್ಯಾಹ್ನ, ಹೊರಗೆ ಬಿಡದೆ ಮಳೆ, ದೊಡ್ಡವರೆಲ್ಲ ಉಂಡು ಮಲಗಿದ್ದರು. ನಾನು ಮತ್ತು ದೊಡ್ಡಪ್ಪನ ಮಗ ಅಟ್ಟಕ್ಕೆ ಹತ್ತಿದೆವು. ಅಜ್ಜ ಮಾಡುತ್ತಿದ್ದಂತೆ ಕೋವಿ ಮಡಚಿ, ಮುಚ್ಚಿ, ಅವನ ಎದೆಗೆ ಹಿಡಿದು ಕುದುರೆ ಎಳೆದೆ. ಬರಲಿಲ್ಲ. ಹಿಂದುಗಡೆಯ ಗುಂಡಿಯನ್ನು ಅಜ್ಜ ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳುವುದನ್ನು ಎಷ್ಟೋ ಸಲ ನೋಡಿದ್ದೆ. ತಳ್ಳಿದೆ. ಮತ್ತೆ ಎಳೆದೆ. ಟಕ್ ಎಂದಿತು.

ಟಕ್ ಎಂದಿತು, ಅಷ್ಟೇ. ಯಾಕೆಂದರೆ ಒಳಗೆ ತೋಟೆ ಇರಲಿಲ್ಲ. ತೋಟೆಗಳು ಕೆಳಗೆ ಭತ್ತದ ಪತ್ತಾಯದೊಳಗಿನ ಡಬ್ಬದಲ್ಲಿದ್ದವು. ಪತ್ತಾಯದ ಬೀಗದ ಕೈ ಅಜ್ಜಿಯ ಸೊಂಟದಲ್ಲಿತ್ತು. ಅಜ್ಜಿ ಅದನ್ನು ಇಟ್ಟುಕೊಂಡದ್ದು ಭತ್ತ ಕಾಯಲು, ನಮ್ಮನ್ನು ಕಾಯಲು ಅಲ್ಲ. ಈ ಸಂಗತಿ ಅಜ್ಜನಿಗೆ ಕೊನೆಯವರೆಗೂ ತಿಳಿಯಲಿಲ್ಲ. ದೊಡ್ಡಪ್ಪನ ಮಗನಿಗೆ ಈಗ ಮೊಮ್ಮಕ್ಕಳಿದ್ದಾರೆ.

ಆ ಗುಂಡಿಯ ಮಾತು ಮೊದಲು ಹೇಳುತ್ತೇನೆ. ಅದನ್ನು ಸೇಫ್ಟಿ ಎನ್ನುತ್ತಾರೆ. ಆದರೆ ಅದು ಬೀಗವಲ್ಲ. ಬಾಗಿಲಿನ ಒಳಚಿಲಕ ಇದ್ದ ಹಾಗೆ. ಹೆಚ್ಚಿನ ಜೋಡುನಳಿಗೆ ಕೋವಿಗಳಲ್ಲಿ ಅದು ತಡೆಯುವುದು ಕುದುರೆಯನ್ನು ಮಾತ್ರ. ಒಳಗಿನ ಸುತ್ತಿಗೆ ಸ್ಪ್ರಿಂಗಿನ ಬಲದಲ್ಲಿ ಎಳೆದುಕೊಂಡೇ ನಿಂತಿರುತ್ತದೆ. ಕೋವಿ ಕೈಜಾರಿ ಕಲ್ಲಿನ ಮೇಲೆ ಬಿದ್ದರೆ, ಸವೆದ ಹಳೆಯ ಕೋವಿಯಲ್ಲಿ ಆ ಹಿಡಿತ ತಪ್ಪಬಹುದು. ಹಾಗಾಗಿ ಸೇಫ್ಟಿ ಹಾಕಿದ್ದೇನೆ ಎಂದು ತುಂಬಿದ ಕೋವಿಯನ್ನು ಚಾವಡಿಯ ಮೂಲೆಗೆ ಒರಗಿಸಿ ಬರುವುದು ಒಳ್ಳೆಯದಲ್ಲ.

ಅಮೆರಿಕದಲ್ಲಿ ಇದಕ್ಕಿಂತ ಮುಂದೆ ಹೋಗಿ ಕೋವಿಯ ಮೈಯೊಳಗೇ ಕೀಲಿ ಬೀಗ ಕೂರಿಸಿದರು. ಸ್ಮಿತ್ ಅಂಡ್ ವೆಸ್ಸನ್ ಎಂಬ ಹಳೆಯ ಕಂಪನಿ 2000ದ ಆಚೀಚಿನ ವರ್ಷಗಳಿಂದ ತನ್ನ ರಿವಾಲ್ವರುಗಳ ಬದಿಯಲ್ಲಿ ಸಣ್ಣ ತೂತು ಇಟ್ಟಿತು. ಪುಟ್ಟ ಕೀಲಿ ಹಾಕಿ ತಿರುಗಿಸಿದರೆ ಸುತ್ತಿಗೆ ಅಲುಗುವುದಿಲ್ಲ. ಬುದ್ಧಿವಂತಿಕೆಯ ಕೆಲಸವೇ. ಸಣ್ಣ ಮಗುವಿನ ಕೈಗೆ ಸಿಕ್ಕರೂ ಗುಂಡು ಹಾರದು. ಆದರೆ ಆ ಕೀಲಿ ಒಂದು ಕೋವಿಗೆ ಒಂದು ಎಂಬಂತೆ ಬೇರೆ ಬೇರೆ ಅಲ್ಲ. ಒಬ್ಬನ ಕೀಲಿ ಇನ್ನೊಬ್ಬನದಕ್ಕೂ ಹೊಂದುತ್ತದೆ. ಬೀಗ ಹಾಕಿದ ಕೋವಿಯನ್ನು ಕಳ್ಳ ಎತ್ತಿಕೊಂಡು ಹೋಗಲು ಏನೂ ಅಡ್ಡಿಯಿಲ್ಲ. ಮನೆಗೆ ಹೋಗಿ ನಿಧಾನವಾಗಿ ಬಿಚ್ಚಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಪ್ರತಿ ಸಲವೂ ನೆನಪಿಟ್ಟು ತಿರುಗಿಸಬೇಕಾದವನು ಮನುಷ್ಯ. ರಾತ್ರಿ ಎರಡು ಗಂಟೆಗೆ ಹಂದಿ ಓಡಿಸಿ ನೆನೆದು ಬಂದವನು ಕೀಲಿ ಹುಡುಕುತ್ತಾನೆಯೇ?

ಬೆರಳಚ್ಚಿನ ಪೆಟ್ಟಿಗೆಗಳೂ ಬಂದಿವೆ. ಬೆರಳಿಟ್ಟರೆ ತೆರೆಯುತ್ತದೆ, ಕೀಲಿಯ ರಗಳೆಯೇ ಇಲ್ಲ. 2023ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಇಂಥ ಸುಮಾರು 61,000 ಪೆಟ್ಟಿಗೆಗಳನ್ನು ವಾಪಸು ಕರೆಸಿಕೊಳ್ಳಬೇಕಾಯಿತು. ಮಾಲೀಕನಲ್ಲದವರ ಬೆರಳಿಗೂ ಅವು ತೆರೆದುಕೊಳ್ಳುತ್ತಿದ್ದವು. ಅಂಥ ಪೆಟ್ಟಿಗೆಯಿಂದ ಸಿಕ್ಕ ಕೋವಿಯಿಂದ 12 ವರ್ಷದ ಒಬ್ಬ ಹುಡುಗ ಸತ್ತಿದ್ದ. ಹೊಸ ಪೆಟ್ಟಿಗೆ ತಂದವರು ಮೊದಲ ದಿನವೇ ಮನೆಯವರೆಲ್ಲರ ಬೆರಳನ್ನೂ ಇಟ್ಟು ನೋಡಬೇಕು. ಯಾರ ಬೆರಳಿಗೆ ತೆರೆಯಬಾರದೋ ಅವರದ್ದನ್ನೇ ಮುಖ್ಯವಾಗಿ.

ಅಡಗಿಸಿ ಇಟ್ಟಿದ್ದೇನೆ ಎನ್ನುವವರಿಗೆ ಇನ್ನೊಂದು ಲೆಕ್ಕ. ಅಮೆರಿಕದ ಅಲಬಾಮಾ ಎಂಬ ರಾಜ್ಯದ ಹಳ್ಳಿಗಾಡಿನಲ್ಲಿ ತಂದೆತಾಯಿಯರನ್ನೂ ಮಕ್ಕಳನ್ನೂ ಬೇರೆಬೇರೆಯಾಗಿ ಕೇಳಿ ನೋಡಿದರು. ಆ ವರದಿ 2006ರಲ್ಲಿ ಪ್ರಕಟವಾಯಿತು. ನಮ್ಮ ಮಕ್ಕಳಿಗೆ ಕೋವಿ ಇರುವ ಜಾಗ ಗೊತ್ತಿಲ್ಲ ಎಂದ ಹೆತ್ತವರಲ್ಲಿ ನೂರಕ್ಕೆ 39 ಮಂದಿಯ ಮಾತನ್ನು ಅವರ ಮಕ್ಕಳೇ ಸುಳ್ಳು ಮಾಡಿದರು. ಮಕ್ಕಳು ಮುಟ್ಟಿಯೇ ಇಲ್ಲ ಎಂದವರಲ್ಲಿ ನೂರಕ್ಕೆ 22 ಮಂದಿಯ ಮಾತು ತಪ್ಪಾಗಿತ್ತು. ಓದಿದಾಗ ನನಗೆ ಅಜ್ಜನ ಮುಖ ನೆನಪಾಯಿತು.

2005ರಲ್ಲಿ ಬಂದ ಮತ್ತೊಂದು ಅಧ್ಯಯನ ನಾಲ್ಕು ಅಭ್ಯಾಸಗಳನ್ನು ಪರೀಕ್ಷಿಸಿತು: ಕೋವಿಗೆ ಬೀಗ, ಕೋವಿ ಖಾಲಿ, ತೋಟೆಗೆ ಬೀಗ, ತೋಟೆ ಬೇರೆ ಜಾಗದಲ್ಲಿ. ನಾಲ್ಕರಲ್ಲಿ ಪ್ರತಿಯೊಂದೂ ಇದ್ದ ಮನೆಗಳಲ್ಲಿ ಮಕ್ಕಳಿಗೆ ಅಪಾಯ ಕಡಿಮೆ ಎಂದು ಕಂಡುಬಂತು. ನಮ್ಮ ಅಜ್ಜಿಯ ಪತ್ತಾಯಕ್ಕೆ ವಿದ್ವಾಂಸರು ಕೊಟ್ಟ ಸರ್ಟಿಫಿಕೇಟು ಎಂದು ನಾನು ತಿಳಿದುಕೊಂಡಿದ್ದೇನೆ.

ಕೇಪಿನ ಕೋವಿ ಇರುವ ಮನೆಯವರು ಸ್ವಲ್ಪ ಹೆಚ್ಚು ಗಮನ ಕೊಡಿ. ಅದರಲ್ಲಿ ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಂದ ತುಂಬಿ ಗಟ್ಟಿಸುವುದು. ಕೇಪು ತೆಗೆದೆ, ಇನ್ನು ಖಾಲಿ ಎಂದುಕೊಳ್ಳುವುದು ದೊಡ್ಡ ತಪ್ಪು. ಮದ್ದು ಒಳಗೇ ಕೂತಿರುತ್ತದೆ, ವರ್ಷಗಟ್ಟಲೆ. ಕೋವಿಯ ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ, ಗಜದ ಕೋಲನ್ನು ಇಳಿಸಿ, ಹೊರಗಿನಿಂದ ನಳಿಗೆಯ ಉದ್ದಕ್ಕೆ ಅಳೆದು ನೋಡಿ. ಕೋಲು ತಳ ಮುಟ್ಟದೆ ನಿಂತರೆ ಅದು ತುಂಬಿದೆ ಎಂದೇ ಲೆಕ್ಕ. ಕೆದಕಲು ಹೋಗದೆ ತಿಳಿದವರ ಕೈಗೆ ಕೊಡಿ.

ಕಪಾಟಿನ ವಿಷಯ. ಬಟ್ಟೆಬರೆ ಇಡುವ ತೆಳು ತಗಡಿನ ಕಪಾಟು ಒಂದು ಹಾರೆಗೆ ಬಗ್ಗುತ್ತದೆ. ಕೋವಿಗೆಂದೇ ಮಾಡಿದ ದಪ್ಪ ತಗಡಿನದು ಒಳ್ಳೆಯದು, ಆದರೆ ಅದನ್ನೂ ಗೋಡೆಗೆ ಬಿಗಿಯಬೇಕು. ಇಲ್ಲವಾದರೆ ಕಪಾಟು ಸಮೇತ ಹೋಗುತ್ತದೆ. ನಮ್ಮ ಕೆಂಪುಕಲ್ಲಿನ ಗೋಡೆಯಲ್ಲಿ ಬರಿ ಮೊಳೆ ನಿಲ್ಲದು, ಸಿಮೆಂಟು ತುಂಬಿ ಬೋಲ್ಟು ಕೂರಿಸಬೇಕು. ಮತ್ತೆ ನಮ್ಮ ಮಳೆ! ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಊರಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಕೋವಿ ತುಕ್ಕು ಹಿಡಿಯುತ್ತದೆ, ಬೀಗವೂ ಹಿಡಿಯುತ್ತದೆ. ಬೀಗ ತಿರುಗದಾದಾಗ ಜನ ಬಾಗಿಲು ತೆರೆದೇ ಬಿಡುತ್ತಾರೆ. ತಿಂಗಳಿಗೊಮ್ಮೆ ಎರಡಕ್ಕೂ ಎಣ್ಣೆ ತೋರಿಸಿ. ಚರ್ಮದ ಚೀಲದಲ್ಲಿ ಹಾಕಿ ಇಡಬೇಡಿ, ಅದು ತೇವ ಹಿಡಿಯುತ್ತದೆ. ಕಪಾಟಿಗೆ ಹಣವಿಲ್ಲದವರಿಗೂ ದಾರಿ ಇದೆ. ಜೋಡುನಳಿಗೆಯ ಕೋವಿ ಬಿಚ್ಚಲು ಬರುತ್ತದೆ. ನಳಿಗೆ ಒಂದು ಕೋಣೆಯಲ್ಲಿ, ಮರದ ಹಿಡಿ ಇನ್ನೊಂದರಲ್ಲಿ, ಎರಡಕ್ಕೂ ಬೀಗ. ಕಳ್ಳನಿಗೆ ಸಿಕ್ಕಿದರೂ ಅರ್ಧ ಕೋವಿ. ಕುದುರೆಗೆ ಹಾಕುವ ಬೀಗ ತಂದಿದ್ದರೆ, ತುಂಬಿದ ಕೋವಿಗೆ ಮಾತ್ರ ಅದನ್ನು ಹಾಕಬೇಡಿ. ಹಾಕುವಾಗಲೇ ಕುದುರೆ ಒತ್ತಿಬಿಡಬಹುದು.

2022ರಲ್ಲಿ ಕೇರಳ ಸರಕಾರ ಕಾಡುಹಂದಿ ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೆ ಕೊಟ್ಟ ಮೇಲೆ, ಪರವಾನಗಿ ಇದ್ದವರಿಗೆ ರಾತ್ರಿ ಕರೆ ಬರುವುದುಂಟು. ತೋಟದಿಂದ ಮೆಟ್ಟಿಲು ಹತ್ತುವ ಮೊದಲೇ, ಅಂಗಳದಲ್ಲಿ ನಿಂತು ತೋಟೆ ತೆಗೆಯಿರಿ. ಕಾಲು ತೊಳೆಯುವುದು ಆಮೇಲೆ.

ಇನ್ನೊಂದು ಮಾತು ಹೇಳಲು ಕಷ್ಟ, ಆದರೂ ಹೇಳಬೇಕು. ಯಾವ ಬೀಗವೂ ಕೀಲಿ ಇರುವವನನ್ನು ತಡೆಯುವುದಿಲ್ಲ. ಸಾಲವೋ ಕಾಯಿಲೆಯೋ ಮನೆಯಲ್ಲಿ ಜಗಳವೋ, ಯಜಮಾನನ ಮನಸ್ಸೇ ಕುಸಿದಿರುವ ದಿನಗಳು ಇರುತ್ತವೆ. ಆಗ ಕೋವಿ ಆ ಮನೆಯಲ್ಲಿ ಇರಬಾರದು. ಪೊಲೀಸು ಠಾಣೆಯಲ್ಲೋ ಪರವಾನಗಿ ಪಡೆದ ಕೋವಿ ಅಂಗಡಿಯಲ್ಲೋ ಇರಿಸಲು ಕಾನೂನಿನಲ್ಲಿ ಅವಕಾಶವಿದೆ. ಚುನಾವಣೆ ಬಂದಾಗ ಕೊಡುತ್ತೇವಲ್ಲ, ಹಾಗೆಯೇ. ಅಣ್ಣನೋ ಭಾವನೋ ಜೊತೆಗೆ ಹೋಗಿ, "ಅಣ್ಣಾ, ಮಳೆಗಾಲ ಕಳೆಯಲಿ, ಅಲ್ಲಿಯವರೆಗೆ ಅಲ್ಲಿರಲಿ" ಎಂದರೆ ಸಾಕು. ಹೆಚ್ಚು ವಿವರಣೆ ಬೇಡ.

ನೆರೆಯ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದರು. ಅಲ್ಲಿಯ ನೆಂಟರ ಮಾತು ಕೇಳಿ ಗಡಿಯ ಈಚೆ ನಾವು ಸಡಿಲ ಬಿಡುವಂತಿಲ್ಲ. 1959ರ ಆಯುಧ ಕಾಯಿದೆ ನಮಗೆ ಪೂರ್ತಿಯಾಗಿ ಅನ್ವಯಿಸುತ್ತದೆ. ಕೋವಿ ಕಳವಾದರೆ ಕೂಡಲೇ ಹತ್ತಿರದ ಠಾಣೆಗೆ ತಿಳಿಸಬೇಕು. ಪರವಾನಗಿದಾರ ತೀರಿಕೊಂಡರೆ ಕೋವಿಯನ್ನು ತಡಮಾಡದೆ ಒಪ್ಪಿಸಬೇಕು. ಪರವಾನಗಿಯ ಷರತ್ತುಗಳು ಕನ್ನಡದಲ್ಲಿ ಇಲ್ಲದಿದ್ದರೆ, ಮಲೆಯಾಳ ಶಾಲೆಗೆ ಹೋಗುವ ಮೊಮ್ಮಗಳಿಂದ ಓದಿಸಿ ಕೇಳಿ.

ಅಜ್ಜ ಹೋದ ಮೇಲೆ ಅಪ್ಪ ಹಾಗೆಯೇ ಮಾಡಿದರು. ಹದಿನಾರನೆಯ ದಿನದ ಅಡಿಗೆ ಮುಗಿದು ನೆಂಟರು ಹೊರಟ ಸಂಜೆ, ಕೋವಿಯನ್ನು ಗೋಣಿಯಲ್ಲಿ ಸುತ್ತಿ ಜೀಪಿನಲ್ಲಿ ಠಾಣೆಗೆ ಒಯ್ದರು. ರಶೀದಿಯನ್ನು ತಂದು ಅದೇ ದೇವರ ಕೋಣೆಯ ಮೊಳೆಗೆ ಸಿಕ್ಕಿಸಿದರು. ಪೆಟ್ಟಿಗೆ ಈಗಲೂ ಅಟ್ಟದಲ್ಲಿದೆ. ಅದರಲ್ಲಿ ಹಳೆಯ ಪಂಚಾಂಗಗಳನ್ನು ಇಟ್ಟಿದ್ದೇವೆ, ಬೀಗ ಹಾಕಿಲ್ಲ.