ಹೊಸಕೋಟೆ ಆಕಾಶದ ಹದ್ದು

ಮಧ್ಯಾಹ್ನದ ಹೊತ್ತು ಅನುಗೊಂಡನಹಳ್ಳಿಯ ರಾಗಿ ಹೊಲದ ಬದುವಿನ ಮೇಲೆ ನಿಂತು ತಲೆಯೆತ್ತಿ ನೋಡಿ ಮಕ್ಕಳೇ. ಹದ್ದೊಂದು ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಮೇಲೇರುತ್ತಿರಬಹುದು. ಬಿಸಿಲಿಗೆ ಕಾದ ನೆಲದಿಂದ ಏಳುವ ಬಿಸಿಗಾಳಿಯೇ ಅದಕ್ಕೆ ಏಣಿ.

2023ರ ಮೇ 2ರಂದು ನಿಮ್ಮದೇ ತಾಲ್ಲೂಕಿನ ಹೊಸಕೋಟೆ ಬಳಿ ಹದ್ದೊಂದು ಹೆಲಿಕಾಪ್ಟರಿಗೆ ಬಡಿಯಿತು. ಅದು ಚುನಾವಣೆಯ ಕಾಲ. ರಾಜಕೀಯ ನಾಯಕ ಡಿ.ಕೆ. ಶಿವಕುಮಾರ್ ಅದರಲ್ಲಿ ಜಕ್ಕೂರಿನಿಂದ ಹೊರಟು ಮುಳಬಾಗಿಲಿಗೆ ಹೋಗುತ್ತಿದ್ದರು. ಮುಂದಿನ ಗಾಜು ಒಡೆದೇಹೋಯಿತು. ಪೈಲಟ್ ಎಚ್‌ಎಎಲ್ ವಿಮಾನ ನಿಲ್ದಾಣಕ್ಕೆ ಹೋಗಿ ಇಳಿಸಿದರು. ಒಳಗಿದ್ದವರೆಲ್ಲ ಬದುಕಿ ಬಂದರು.

ಗಾಜು ಒಡೆದು ಗಾಳಿ ಒಳಗೆ ನುಗ್ಗಿದರೆ ಯಾರ ಗಮನವಾದರೂ ಅತ್ತಲೇ ಹೋಗುತ್ತದೆ. ಆದರೆ ಪೈಲಟ್ ಅಲ್ಲೇ ಸಿಕ್ಕಿಕೊಳ್ಳುವಂತಿಲ್ಲ. ಅದಕ್ಕೇ ಅವರಿಗೆ ಕಲಿಯುವಾಗಲೇ ಒಂದು ಕ್ರಮ ಹೇಳಿಕೊಡುತ್ತಾರೆ: ಏನೇ ಆಗಲಿ, ಮೊದಲು ಹಾರಿಸು, ಆಮೇಲೆ ದಾರಿ ನೋಡು, ಮಾತು ಕೊನೆಗೆ.

ಯಾಕೆ ಹೀಗೆ? ಒಂದು ಆಟ ಆಡೋಣ. ಗಡಿಯಾರ ನೋಡಿಕೊಂಡು ಒಂದರಿಂದ ಹತ್ತರವರೆಗೆ ಹೇಳಿ. ಮತ್ತೆ ಅ, ಆ, ಇ, ಈ ಎಂದು ಹತ್ತು ಅಕ್ಷರ ಹೇಳಿ. ಎರಡೂ ಸೇರಿ ಎಷ್ಟು ಸೆಕೆಂಡ್ ಆಯಿತು? ಈಗ ಬೆರೆಸಿ: ಒಂದು-ಅ, ಎರಡು-ಆ, ಮೂರು-ಇ... ನಾಲಿಗೆ ತಡವರಿಸಿತಲ್ಲವೇ? ಹೇಳಿದ್ದು ಅವೇ ಇಪ್ಪತ್ತು ಮಾತು, ಹೊತ್ತು ಮಾತ್ರ ಹೆಚ್ಚು ಹಿಡಿಯಿತು. ಎರಡು ಕೆಲಸ ಒಟ್ಟಿಗೆ ಮಾಡುತ್ತಿದ್ದೇವೆ ಅಂದುಕೊಳ್ಳುತ್ತೇವೆ. ನಿಜದಲ್ಲಿ ಮಿದುಳು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಜಿಗಿಯುತ್ತಿರುತ್ತದೆ. ಪ್ರತಿ ಜಿಗಿತಕ್ಕೂ ಚೂರು ಸಮಯ ಬೇಕು.

ಆ ಚೂರು ಸಮಯ ಆಕಾಶದಲ್ಲಿ ಎಷ್ಟು ದೊಡ್ಡದು ಗೊತ್ತೇ? ಗಂಟೆಗೆ 200 ಕಿಲೋಮೀಟರ್ ವೇಗದ ಹೆಲಿಕಾಪ್ಟರ್ ಎರಡೇ ಸೆಕೆಂಡಿನಲ್ಲಿ 110 ಮೀಟರ್ ಮುಂದೆ ಹೋಗಿರುತ್ತದೆ. ಎಂಟು ಕಬಡ್ಡಿ ಅಂಕಣಗಳನ್ನು ಉದ್ದಕ್ಕೆ ಜೋಡಿಸಿದರೂ ಅದಕ್ಕಿಂತ ಕಡಿಮೆಯೇ!

ಇನ್ನು ಪೈಲಟ್ ಕೈಕಾಲು ಬಿಡುವಾಗಿರುತ್ತವೆಯೇ? ಎಡಗೈಯ ಸನ್ನೆಕೋಲು ಹೆಲಿಕಾಪ್ಟರನ್ನು ಏರಿಸಿ ಇಳಿಸುತ್ತದೆ. ಬಲಗೈಯ ಕೋಲು ಅದನ್ನು ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ವಾಲಿಸುತ್ತದೆ. ಮೂತಿ ತಿರುಗಿಸುವುದು ಕಾಲಿನ ಪೆಡಲ್. ಒಂದನ್ನು ಅಲುಗಿಸಿದರೆ ಉಳಿದೆರಡನ್ನೂ ಸರಿಮಾಡಬೇಕು. ತುಂಬಿದ ಕೊಡ ತಲೆಯ ಮೇಲಿಟ್ಟುಕೊಂಡು ಕೆರೆ ಏರಿಯ ಮೇಲೆ ನಡೆದ ಹಾಗೆ.

ಇಂಥ ಕೆಲಸದಲ್ಲಿ ಗಮನ ತಪ್ಪಿದರೆ? 2011ರ ಆಗಸ್ಟ್ 26ರಂದು ಅಮೆರಿಕದ ಮಿಸೌರಿಯಲ್ಲಿ, ರೋಗಿಯನ್ನು ಸಾಗಿಸುತ್ತಿದ್ದ ಒಂದು ಹೆಲಿಕಾಪ್ಟರ್ ಬಿದ್ದು ನಾಲ್ವರು ತೀರಿಕೊಂಡರು. ಇದನ್ನು ಬರೆಯುವಾಗ ಮನಸ್ಸು ಭಾರವಾಗುತ್ತದೆ. ಟ್ಯಾಂಕಿನಲ್ಲಿ ಸಾಕಷ್ಟು ಇಂಧನ ಇರಲಿಲ್ಲ. ಆಸ್ಪತ್ರೆಯ ಬಳಿ ಇಳಿದಾಗ ಅದು ತಿಳಿದರೂ, ವಿಮಾನ ನಿಲ್ದಾಣದವರೆಗೆ ಆದೀತೆಂದು ಹೊರಟರು. ಸುಮಾರು ಒಂದೂವರೆ ಕಿಲೋಮೀಟರ್ ಇರುವಾಗ ಎಂಜಿನ್ ನಿಂತಿತು. ಪೈಲಟ್ ಕೆಲಸದ ಹೊತ್ತಿನಲ್ಲಿ ಮೊಬೈಲ್‌ನಲ್ಲಿ ಸ್ವಂತ ಸಂದೇಶ ಕಳಿಸುತ್ತಾ ಇದ್ದರು, ದಣಿದೂ ಇದ್ದರು ಎಂದು ತನಿಖೆ ಹೇಳಿತು. ಆಸ್ಪತ್ರೆಗೆ ಹೊರಡುವ ಮುಂಚೆಯೇ ಇಂಧನದ ಮುಳ್ಳನ್ನು ಸರಿಯಾಗಿ ನೋಡಬೇಕಿದ್ದ ಗಮನ ಬೇರೆ ಕಡೆ ಹೋಗಿತ್ತು.

ಎಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲಿನ ಹಾಗೆ ಬೀಳಲೇಬೇಕೆಂದಿಲ್ಲ. ಮಹಾಗನಿ ಬೀಜ ಗಿರಗಿರನೆ ತಿರುಗುತ್ತಾ ನಿಧಾನವಾಗಿ ಇಳಿಯುವುದನ್ನು ನೋಡಿದ್ದೀರಲ್ಲ? ಹಾಗೆಯೇ ಕೆಳಗಿನಿಂದ ನುಗ್ಗುವ ಗಾಳಿಯೇ ರೆಕ್ಕೆಗಳನ್ನು ತಿರುಗಿಸಿ ಇಳಿಸಬಲ್ಲದು. ಆದರೆ ಪೈಲಟ್ ಕೈ ಒಂದೆರಡು ಸೆಕೆಂಡಿನೊಳಗೆ ಎಡಗೈಯ ಸನ್ನೆಕೋಲನ್ನು ಕೆಳಗೆ ತಳ್ಳಬೇಕು.

ಗಮನ ಇದ್ದಲ್ಲಿ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನದೇ ಒಂದು ಪ್ರಸಂಗವಿದೆ. 2023ರ ಮಾರ್ಚ್ 6ರಂದು ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ರಾಜಕೀಯ ನಾಯಕ ಬಿ.ಎಸ್. ಯಡಿಯೂರಪ್ಪನವರ ಹೆಲಿಕಾಪ್ಟರ್ ಇಳಿಯುತ್ತಿತ್ತು. ರೆಕ್ಕೆಯ ಗಾಳಿಗೆ ನೆಲದ ಪ್ಲಾಸ್ಟಿಕ್ ಹಾಳೆಗಳು, ಕಸ ಎಲ್ಲ ಮೇಲೆದ್ದು ಹಾರತೊಡಗಿದವು. ಒಂದು ಹಾಳೆ ರೆಕ್ಕೆಗೆ ಸಿಕ್ಕಿದ್ದರೂ ಅಪಾಯವಾಗುತ್ತಿತ್ತು. ಪೈಲಟ್ ಅದನ್ನು ಕಂಡರು. ಇಳಿಸದೆ ಮತ್ತೆ ಮೇಲೇರಿ ಸುತ್ತು ಹಾಕಿದರು. ಕೆಳಗಿದ್ದವರು ಓಡಾಡಿ ಕಸ ತೆಗೆದರು. ನೆಲ ಚೊಕ್ಕಟವಾದ ಮೇಲೆ ಹೆಲಿಕಾಪ್ಟರ್ ಮೆಲ್ಲಗೆ ಇಳಿಯಿತು.