ಬಾಡಿಗೆ ಕೋಣೆಯ ಹೊಗೆ



ಮಣಿಪಾಲ, ಉಡುಪಿ, ಶಿರ್ವ, ಬಂಟಕಲ್ಲುಗಳಲ್ಲಿ ಕಾಲೇಜುಗಳು ಬೆಳೆದಂತೆ ನಮ್ಮ ಇನ್ನಂಜೆಯ ಆಸುಪಾಸಿನಲ್ಲೂ ವಿದ್ಯಾರ್ಥಿಗಳಿಗೆ ಕೋಣೆ ಕೊಡುವ ಮನೆಗಳು ಹೆಚ್ಚಿವೆ. ಬಾಡಿಗೆ ಎಷ್ಟು, ಮುಂಗಡ ಎಷ್ಟು, ಕರೆಂಟು ಬಿಲ್ಲು ಯಾರದು ಎಂದು ಎಲ್ಲರೂ ಮೊದಲೇ ಮಾತನಾಡುತ್ತಾರೆ. ಸಿಗರೇಟಿನ ಮಾತು ಮಾತ್ರ ಬಾಯಿಗೆ ಬರುವುದಿಲ್ಲ. ಕೇಳಿದರೆ ಹುಡುಗರನ್ನು ಸಂಶಯಪಟ್ಟಂತಾಗುತ್ತದೆ ಎಂಬ ದಾಕ್ಷಿಣ್ಯ. ಈ ದಾಕ್ಷಿಣ್ಯದ ಬೆಲೆಯನ್ನು ನಮ್ಮ ಮನೆಯ ಪ್ರಸಂಗದಿಂದಲೇ ಹೇಳುತ್ತೇನೆ.

ನಮ್ಮ ತಾಯಿಯ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಮೂವರು ವಿದ್ಯಾರ್ಥಿಗಳಿದ್ದರು. ಹಳೆಯ ಹೆಂಚಿನ ಮನೆ. ಒಳಗೋಡೆಗಳು ಮಾಡಿನವರೆಗೆ ಏರಿಲ್ಲ. "ಒಳಗೆ ಬೀಡಿ ಸಿಗರೇಟು ಬೇಡ ಮಕ್ಕಳೇ" ಎಂದು ಅಮ್ಮ ಬಾಯಿಮಾತಿನಲ್ಲಿ ಹೇಳಿದ್ದರು. ಕೆಲವು ತಿಂಗಳ ನಂತರ ಮಾವಿನಹಣ್ಣಿನಂಥ ಪರಿಮಳ ಬರತೊಡಗಿತು. ಕೇಳಿದರೆ ಒಬ್ಬ ಹುಡುಗ, "ಅಮ್ಮಾ, ಇದು ಸಿಗರೇಟಲ್ಲ, ವೇಪ್. ಬರೇ ಆವಿ" ಎಂದ. ಅಮ್ಮ ಸುಮ್ಮನಾದರು. ಉಬ್ಬಸವಿದ್ದ ಇನ್ನೊಬ್ಬ ಹುಡುಗ ಪರೀಕ್ಷೆಗೆ ಹದಿನೈದು ದಿನವಿರುವಾಗ ಕೋಣೆ ಬಿಟ್ಟ. ಜೊತೆಯವನ ಮೇಲೆ ದೂರು ಹೇಳಲು ಅವನಿಗೆ ಸಂಕೋಚ. ಕಾರಣ ತಿಳಿಯದ ನಾನು, ಅವಧಿಗೆ ಮುನ್ನ ಬಿಟ್ಟನೆಂದು ಮುಂಗಡದಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಂಡೆ. ಹೊಗೆ ಬಿಟ್ಟವನು ಉಳಿದ, ಉಸಿರು ಕಟ್ಟಿದವನು ದಂಡ ತೆತ್ತ. ವಿಷಯ ತಿಳಿದ ಮೇಲೆ ಹಣವನ್ನೇನೋ ಕಳುಹಿಸಿದೆ. ಅವನು ಕಳೆದುಕೊಂಡ ಓದಿನ ದಿನಗಳನ್ನು ಕಳುಹಿಸುವುದು ಹೇಗೆ?

"ಬರೇ ಆವಿ" ಎಂಬುದು ನಿಜವೇ? ನಾನು ವಿಜ್ಞಾನ ಓದಿದವನು, ಆಗಲೇ ಉತ್ತರ ಹೇಳಬೇಕಿತ್ತು. ವೇಪಿನಿಂದ ಬರುವುದು ನೀರಾವಿಯಲ್ಲ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳದ ವಸ್ತುಗಳು, ಸಾಮಾನ್ಯವಾಗಿ ನಿಕೋಟಿನ್ ಕೂಡ ಬೆರೆತ ದ್ರವವನ್ನು ಬಿಸಿ ಮಾಡಿದಾಗ ಏಳುವ ಸೂಕ್ಷ್ಮ ಹನಿಗಳು ಅವು. ಉಬ್ಬಸವಿದ್ದವರ ಶ್ವಾಸನಾಳವನ್ನು ಅವು ಕೆರಳಿಸಬಲ್ಲವು. ಸಿಗರೇಟಿನ ಹೊಗೆಯಲ್ಲಂತೂ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರಬಲ್ಲವು. ಬಾಗಿಲು ಮುಚ್ಚಿದರೆ, ಫ್ಯಾನು ಹಾಕಿದರೆ ಸಾಕೆಂದು ನಾವು ತಿಳಿಯುತ್ತೇವೆ. ಸಾಲದು. ಹೊಗೆಯ ಕಣಗಳು ಗಾಳಿಯೊಡನೆ ಗೋಡೆ ದಾಟಿ ಹೋಗುತ್ತವೆ. ನಿಕೋಟಿನ್ ಗೋಡೆಗೆ, ಹಾಸಿಗೆಗೆ ಅಂಟಿ ಮುಂದಿನ ಬಾಡಿಗೆದಾರನ ಕಾಲದವರೆಗೂ ಉಳಿಯುತ್ತದೆ.

ಕಾನೂನು ಏನು ಹೇಳುತ್ತದೆ? ಇನ್ನಂಜೆ ರೈಲು ನಿಲ್ದಾಣದಲ್ಲಿ ಸೇದಿದರೆ ದಂಡವುಂಟು. 2003ರ ಕೇಂದ್ರ ಕಾಯಿದೆಗೆ ಕರ್ನಾಟಕ ತಂದ ತಿದ್ದುಪಡಿ 2025ರ ಮೇ ತಿಂಗಳಲ್ಲಿ ಜಾರಿಯಾದ ಮೇಲೆ ಆ ದಂಡ 200 ರೂಪಾಯಿಯಿಂದ 1,000 ರೂಪಾಯಿವರೆಗೆ ಏರಿದೆ. 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಕಾಲೇಜು ಸೇರುವ ಮಕ್ಕಳಲ್ಲಿ ಹೆಚ್ಚಿನವರು ಈ ವಯಸ್ಸಿನೊಳಗಿನವರೇ. ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ದಾಸ್ತಾನುಗಳನ್ನು 2019ರಲ್ಲಿ ದೇಶದಾದ್ಯಂತ ನಿಷೇಧಿಸಲಾಗಿದೆ. ದಾಸ್ತಾನಿಟ್ಟರೆ 6 ತಿಂಗಳವರೆಗೆ ಸೆರೆ, 50,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಆದರೆ ಸಿಗರೇಟಿನ ಮಟ್ಟಿಗೆ ಖಾಸಗಿ ಕೋಣೆ ಸಾರ್ವಜನಿಕ ಸ್ಥಳವಲ್ಲ. ಅಲ್ಲಿನ ನಿಯಮವನ್ನು ಮನೆಯವರೂ ಬಾಡಿಗೆದಾರರೂ ಸೇರಿಯೇ ಮಾಡಿಕೊಳ್ಳಬೇಕು.

ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರ ಜಿಲ್ಲೆ ನಮ್ಮದು. ಸೇದುವವರನ್ನು ಕೆಟ್ಟವರೆನ್ನುವುದು ನನ್ನ ಉದ್ದೇಶವಲ್ಲ. ಕೇಳುವುದಿಷ್ಟೇ: ಕೀಲಿಕೈ ಕೊಡುವ ಮೊದಲು ಕರಾರು ಪತ್ರದಲ್ಲಿ ನಾಲ್ಕು ಸಾಲು ಬರೆಯಿರಿ. ಬೀಡಿ, ಸಿಗರೇಟು, ಹುಕ್ಕಾ, ವೇಪ್ ಎಂದು ಒಂದೊಂದನ್ನೂ ಹೆಸರಿಸಿ, ಕೋಣೆ, ಬಚ್ಚಲು, ಜಗಲಿ ಎಲ್ಲಿಯೂ ಕೂಡದೆಂದು ಹೇಳಿ. ಅಂಗಳದಲ್ಲಿ ಸಿಗರೇಟಿಗೆ ಅವಕಾಶ ಕೊಡುವುದಾದರೆ ಕಿಟಕಿಯಿಂದಲೂ ಬೈಹುಲ್ಲು, ಒಣ ಮಡಲುಗಳಿಂದಲೂ ದೂರದ ಜಾಗ ತೋರಿಸಿ, ಮರಳು ತುಂಬಿದ ಡಬ್ಬಿಯಿಡಿ. ತಪ್ಪಿದರೆ ಮೊದಲು ಮಾತು, ಆಮೇಲೆ ನೋಟೀಸು. ಗೋಡೆಗೆ ಬಣ್ಣ ಬಳಿಸಿದರೆ ರಶೀದಿಯಷ್ಟೇ ಮುರಿಯಿರಿ, ಇಡೀ ಮುಂಗಡವನ್ನಲ್ಲ. ಹೊಗೆ ತಾಳದೆ ಬಿಟ್ಟು ಹೋಗುವವನಿಂದ ಒಂದು ರೂಪಾಯಿಯನ್ನೂ ಹಿಡಿಯಬೇಡಿ. ಈ ಕೊನೆಯ ಸಾಲನ್ನು ನಾನು ಕಲಿತದ್ದು ತಡವಾಗಿ.

ವಿದ್ಯಾರ್ಥಿ ಮಿತ್ರರೇ, ನೀವೂ ಹಣ ಕೊಡುವ ಮೊದಲೇ ಕೇಳಿ. ಉಬ್ಬಸವಿದ್ದರೆ ನಾಚದೆ ಹೇಳಿ. ಬಿಡಬೇಕೆಂಬ ಮನಸ್ಸಿರುವವರಿಗೆ 1800-112-356 ಎಂಬ ರಾಷ್ಟ್ರೀಯ ಸಹಾಯವಾಣಿ ಉಚಿತವಾಗಿದೆ.

ಈಗ ನಮ್ಮ ತಾಯಿಯ ಮನೆಯಲ್ಲಿ ಕರಾರು ಪತ್ರವನ್ನು ಅಮ್ಮನೇ ಗಟ್ಟಿಯಾಗಿ ಓದಿ ಹೇಳುತ್ತಾರೆ. ಈವರೆಗೆ ಯಾವ ಹುಡುಗನೂ ಬೇಸರಿಸಿಕೊಂಡಿಲ್ಲ.